ಸಂಗನಕಲ್ಲಿನಿಂದ ಹಿರೇಬೆಣಕಲ್‌ವರೆಗೆ, ಕಲ್ಲುಗಳ ಬೆನ್ನು ಹತ್ತಿ

ನಮ್ಮ ಕಡೆಯ ಗುಡ್ಡ ನೋಡೋಕೆ ಬರುವವರು ಹಂಪಿ ನೋಡ್ತಾರೆ, ಅಂಜನಾದ್ರಿ ಹತ್ತುತ್ತಾರೆ, ವಾಪಸ್ ಹೋಗ್ತಾರೆ. ತಪ್ಪೇನಿಲ್ಲ. ಆದರೆ ವಿಜಯನಗರ ಹುಟ್ಟಿದ್ದು 1336ರಲ್ಲಿ. ಅದಕ್ಕಿಂತ ನಾಲ್ಕು ಸಾವಿರ ವರ್ಷ ಮೊದಲೇ ಇದೇ ಕಲ್ಲುಗುಡ್ಡಗಳಲ್ಲಿ ಜನ ದನ ಸಾಕಿಕೊಂಡು, ಕಲ್ಲು ಮಸೆದುಕೊಂಡು, ಬಂಡೆ ಮೇಲೆ ಚಿತ್ರ ಕುಟ್ಟಿಕೊಂಡು ಬದುಕಿದ್ದರು. ಆ ಜನರ ಜಾಡು ಹಿಡಿದು ಹೋಗೋಣ ಅಂತ ನಮ್ಮ ಸೋದರಮಾವ ಬಹಳ ದಿನದಿಂದ ಹೇಳ್ತಿದ್ರು. ಅವರು ಇತಿಹಾಸದ ಮೇಷ್ಟ್ರಾಗಿ ನಿವೃತ್ತರಾದವರು. ಡಿಸೆಂಬರ್ ಕೊನೆಯ ವಾರ ಬಿಸಿಲು ಸ್ವಲ್ಪ ಕಡಿಮೆ ಇತ್ತು. ನಾನು, ನಮ್ಮ ಮನೆಯವರು, ಮಾಮ, ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿರುವ ಅಕ್ಕನ ಮಗಳು, ಹೀಗೆ ಕಾರಿನಲ್ಲಿ ಹೊರಟೆವು.

ಶುಕ್ರವಾರ: ಸಂಗನಕಲ್ಲು

ಬಳ್ಳಾರಿಯಿಂದ ಏಳೆಂಟು ಕಿಲೋಮೀಟರ್ ಅಷ್ಟೇ. ಬೆಳಿಗ್ಗೆ ಒಗ್ಗರಣೆ ಮಿರ್ಚಿ ತಿಂದು ಹೊರಟವರು ಬಿಸಿಲೇರುವ ಮೊದಲೇ ಗುಡ್ಡದ ಬುಡದಲ್ಲಿದ್ದೆವು. ಸಂಗನಕಲ್ಲು, ಕಪ್ಪಗಲ್ಲು ಎರಡೂ ಊರುಗಳ ನಡುವೆ ಹಬ್ಬಿರುವ ಈ ಗುಡ್ಡಗಳಲ್ಲಿ ದೊಡ್ಡದಕ್ಕೆ ಹಿರೇಗುಡ್ಡ ಅಂತಾರೆ. ಜೊತೆಗೆ ಬಂದ ಊರಿನ ಹುಡುಗ ಚಪ್ಪಲಿಯಲ್ಲೇ ಸರಸರ ಹತ್ತಿಬಿಟ್ಟ. ನಮಗೆ ಮುಳ್ಳುಕಂಟಿ ಬಿಡಿಸಿಕೊಳ್ಳೋದೇ ಕೆಲಸವಾಯಿತು.

ಮೇಲೆ ಹೋದರೆ ಗುಡ್ಡದ ಬಣ್ಣವೇ ಬೇರೆ. ಸುತ್ತ ಎಲ್ಲ ನಸುಗೆಂಪು, ಬೂದು ಗ್ರಾನೈಟ್. ನಡುವೆ ಮಾತ್ರ ಕಪ್ಪು ಕಲ್ಲಿನ ಒಂದು ಪಟ್ಟಿ ಉದ್ದಕ್ಕೆ ಸಾಗಿದೆ. ಅಕ್ಕನ ಮಗಳು ಅಲ್ಲೇ ಕೂತು ಬಿಡಿಸಿ ಹೇಳಿದಳು. ಅದು ಡಾಲರೈಟ್. ಗ್ರಾನೈಟ್ ಬಿರುಕು ಬಿಟ್ಟಾಗ ಕೆಳಗಿನಿಂದ ಕರಗಿದ ಶಿಲಾರಸ ಆ ಬಿರುಕಿಗೆ ನುಗ್ಗಿ ಗಟ್ಟಿಯಾಗಿದ್ದು. ಗ್ರಾನೈಟ್‌ಗಿಂತ ಇದರ ಕಣ ಸಣ್ಣ, ಒಡೆದರೆ ಚೂಪು ಅಂಚು ಬರುತ್ತೆ, ಉಜ್ಜಿದರೆ ನಯವಾಗುತ್ತೆ. ಅದಕ್ಕೇ ನವಶಿಲಾಯುಗದ ಜನ ಈ ಗುಡ್ಡ ಬಿಟ್ಟು ಹೋಗಲಿಲ್ಲ. ಇಲ್ಲಿ ಕಲ್ಲಿನ ಕೊಡಲಿ ಮಾಡುವ ದೊಡ್ಡ ಕಮ್ಮಟವೇ ನಡೆದಿತ್ತು. ಕಾಲಿಟ್ಟಲ್ಲೆಲ್ಲ ಒಡೆದ ಚಕ್ಕೆಗಳು ಸಿಗುತ್ತವೆ. ಬಂಡೆಗಳ ಮೇಲೆ ಕೊಡಲಿ ಮಸೆದು ಮಸೆದು ಬಿದ್ದ ಉದ್ದನೆಯ ತೋಡುಗಳಿವೆ. ನಾನು ಒಂದರಲ್ಲಿ ಬೆರಳಿಟ್ಟು ಎಳೆದೆ. ಬಂಡೆ ಹೊರಗೆಲ್ಲ ತರಿತರಿ, ಆ ತೋಡಿನ ಒಳಗೆ ಮಾತ್ರ ಒಂದು ಚೂರೂ ತಡೆಯಲ್ಲ. ಎಷ್ಟು ಜನ, ಎಷ್ಟು ತಲೆಮಾರು ಇಲ್ಲಿ ಮಂಡಿಯೂರಿ ಕೂತು ನೀರು ಚಿಮುಕಿಸಿ ಉಜ್ಜಿರಬೇಕು!

ಕಪ್ಪು ಕಲ್ಲಿನ ಮೇಲೆ ಚಿತ್ರಗಳು. ಬಣ್ಣದ್ದಲ್ಲ, ಕುಟ್ಟಿ ಮಾಡಿದ್ದು. ಕಲ್ಲಿನಿಂದ ಬಂಡೆಯ ಮೇಲ್ಪದರ ಕುಟ್ಟಿದರೆ ಒಳಗಿನ ತಿಳಿ ಬಣ್ಣ ಕಾಣುತ್ತೆ, ಅದೇ ಗೆರೆ. ಹೆಚ್ಚಿನವು ಎತ್ತುಗಳು. ಉದ್ದ ಬಾಗಿದ ಕೊಂಬು, ಬೆನ್ನ ಮೇಲೆ ಡುಬ್ಬ. ನಡುನಡುವೆ ಮನುಷ್ಯರು. ಕೆಲವು ಚಿತ್ರ ಎಂಥಾ ಜಾಗದಲ್ಲಿವೆ ಅಂದ್ರೆ, ಮೇಲಿನಿಂದ ಜೋತುಬಿದ್ದು ಕುಟ್ಟದೆ ಬೇರೆ ದಾರಿ ಇಲ್ಲ. 1892ರಲ್ಲೇ ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ ಇದರ ಬಗ್ಗೆ ಬರೆದಿದ್ದ. ನಂತರ ಅದು ಹೆಚ್ಚು ಕಡಿಮೆ ಮರೆತೇ ಹೋಯಿತು. ಮತ್ತೆ ಜಗತ್ತಿನ ಗಮನ ಈ ಕಡೆ ಬಿದ್ದಿದ್ದು 2004ರಲ್ಲಿ ನಿಕೋಲ್ ಬೋವಿನ್ ಎಂಬ ಸಂಶೋಧಕಿ ಬರೆದ ಮೇಲೆ.

ಅವರು ಹೇಳಿದ್ದರಲ್ಲಿ ನನಗೆ ತುಂಬಾ ಹಿಡಿಸಿದ್ದು ಚಿತ್ರಕ್ಕಿಂತ ದನಿ. ಈ ಕಪ್ಪು ಬಂಡೆಗಳಲ್ಲಿ ಕೆಲವಕ್ಕೆ ಸಣ್ಣ ಸಣ್ಣ ಬಟ್ಟಲಿನ ಥರದ ಗುಳಿಗಳಿವೆ. ಗ್ರಾನೈಟ್ ಕಲ್ಲು ಹಿಡಿದು ಆ ಗುಳಿಗೆ ಬಡಿದರೆ ಬಂಡೆ ಗುಂಯ್ ಅನ್ನುತ್ತೆ, ಗುಡಿಯ ಜಾಗಟೆ ಹಾಗೆ. ಹುಡುಗ ಚಿತ್ರವಿಲ್ಲದ, ಮೊದಲೇ ಸವೆದ ಒಂದು ಗುಳಿ ಹುಡುಕಿ ಸಣ್ಣ ಕಲ್ಲಿನಿಂದ ಮೆಲ್ಲಗೆ ಬಡಿದ. ಪಕ್ಕದ ಬಂಡೆಗೂ ಬಡಿದ. ಅದು ಬರೀ ಟಕ್ ಅಂತು. ಎರಡೂ ನೋಡೋಕೆ ಒಂದೇ ಥರ. ಯಾವುದು ಹಾಡುತ್ತೆ, ಯಾವುದು ಹಾಡಲ್ಲ ಅನ್ನೋದನ್ನ ಆ ಜನ ಒಂದೊಂದನ್ನೂ ಬಡಿದು ನೋಡಿಯೇ ಕಂಡುಕೊಂಡಿರಬೇಕು, ಅಲ್ವಾ? ಚಿತ್ರ ಕುಟ್ಟುವ ಸದ್ದೂ, ಈ ಜಾಗಟೆಯ ಸದ್ದೂ ಸೇರಿ ಅಲ್ಲಿ ಏನೋ ಪೂಜೆಯೋ ಆಚರಣೆಯೋ ನಡೆಯುತ್ತಿತ್ತು ಅಂತ ವಿದ್ವಾಂಸರ ಊಹೆ. ಒಂದು ಮಾತು ಹೇಳಲೇಬೇಕು: ಚಿತ್ರ ಇರುವ ಬಂಡೆಗೆ ಯಾವ ಕಾರಣಕ್ಕೂ ಬಡಿಯಬೇಡಿ. ದನಿ ಕೇಳೋ ಆಸೆ ನನಗೂ ಗೊತ್ತು, ಆದರೆ ಹೋದ ಗೆರೆ ಮತ್ತೆ ಬರಲ್ಲ.

ಗುಡ್ಡದ ಒಂದಷ್ಟು ಭಾಗವನ್ನು ಕಲ್ಲುಕ್ವಾರಿ ಆಗಲೇ ತಿಂದುಹಾಕಿದೆ. ಕಡಿದ ಗ್ರಾನೈಟ್ ಮುಖ ದೂರದಿಂದಲೇ ಬಿಳಿ ಗಾಯವಾಗಿ ಕಾಣುತ್ತೆ. ಐದು ಸಾವಿರ ವರ್ಷ ಉಳಿದಿದ್ದನ್ನ ಜಲ್ಲಿ ಮಾಡಿ ರಸ್ತೆಗೆ ಹಾಕೋದಕ್ಕೆ ನನಗಂತೂ ಹೊಟ್ಟೆ ಉರಿಯುತ್ತೆ. ಜಲ್ಲಿಗೆ ಬೇರೆ ಗುಡ್ಡ ಸಿಗುತ್ತೆ. ಈ ಗುಡ್ಡ ಇನ್ನೊಂದಿಲ್ಲ.

ಕೆಳಗಿಳಿದು ಬಳ್ಳಾರಿಗೆ ಬಂದು ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯ ನೋಡಿದೆವು. ಬ್ರಿಟಿಷ್ ಭೂವಿಜ್ಞಾನಿ ಬ್ರೂಸ್ ಫೂಟ್ 1863ರಲ್ಲಿ ಚೆನ್ನೈ ಹತ್ತಿರದ ಪಲ್ಲಾವರಂನಲ್ಲಿ ಭಾರತದ ಮೊದಲ ಹಳೆ ಶಿಲಾಯುಗದ ಉಪಕರಣ ಗುರುತಿಸಿದವನು. ನಮ್ಮ ಬಳ್ಳಾರಿ ಸೀಮೆಯ ಗುಡ್ಡಗಳನ್ನೂ ತಿರುಗಿದ್ದ. 1940ರ ದಶಕದಲ್ಲಿ ಪುರಾತತ್ವಜ್ಞ ಸುಬ್ಬರಾವ್ ಸಂಗನಕಲ್ಲಿನಲ್ಲಿ ಅಗೆದು ನೋಡಿದರು. ಗುಡ್ಡಕ್ಕೆ ಹೋಗುವ ಮೊದಲೇ ಇಲ್ಲಿಗೆ ಬಂದರೆ ಒಳ್ಳೆಯದು. ಕೈಯಲ್ಲಿ ಹಿಡಿಯುವ ಕೊಡಲಿ ಹೇಗಿತ್ತು ಅಂತ ನೋಡಿಕೊಂಡು ಹೋದರೆ ಅಲ್ಲಿನ ಚಕ್ಕೆಗಳಿಗೆ ಅರ್ಥ ಬರುತ್ತೆ. ಆ ಕಾಲದ ಜನ ಹುರುಳಿ, ಹೆಸರು ಬೆಳೆಯುತ್ತಿದ್ದರು ಅನ್ನೋದಕ್ಕೂ ಸಂಗನಕಲ್ಲಿನಲ್ಲಿ ಸುಟ್ಟ ಕಾಳು ಸಿಕ್ಕಿವೆ. ನಮ್ಮ ಮನೆಯ ಹುರುಳಿ ಸಾರು ಅಷ್ಟು ಹಳೆಯದು!

ಸಂಜೆ ಹೊಸಪೇಟೆ ರಸ್ತೆ ಹಿಡಿದೆವು. ದಾರಿಯಲ್ಲಿ ಕುಡತಿನಿ. ವಿದ್ಯುತ್ ಸ್ಥಾವರದಿಂದ ಎಲ್ಲರಿಗೂ ಗೊತ್ತಿರುವ ಊರು. ಇಲ್ಲೊಂದು ಬೂದಿದಿಬ್ಬ ಇದೆ. ಸ್ಥಾವರದ ಬೂದಿ ಅಲ್ಲ, ಸಗಣಿಯ ಬೂದಿ. ನವಶಿಲಾಯುಗದ ಜನ ದನದ ದೊಡ್ಡಿಯ ಸಗಣಿ ರಾಶಿ ಹಾಕಿ, ಮತ್ತೆ ಮತ್ತೆ ಬೆಂಕಿ ಕೊಟ್ಟು ಬೆಳೆದ ದಿಬ್ಬ. ಬೆಂಕಿ ಎಷ್ಟು ಜೋರಿತ್ತು ಅಂದ್ರೆ ಕೆಲವು ಪದರ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ಬೆಳಕು ಇಳಿಯುತ್ತಿತ್ತು, ಜಾಸ್ತಿ ಹೊತ್ತು ನಿಲ್ಲಲಿಲ್ಲ. ರಾತ್ರಿ ಕಮಲಾಪುರದಲ್ಲಿ ತಂಗಿದೆವು.

ಶನಿವಾರ: ದರೋಜಿ

ಬೆಳಿಗ್ಗೆ ಹಂಪಿ ಪಕ್ಕದ ನಿಂಬಾಪುರಕ್ಕೆ ಹೋಗಿಬಂದೆವು. ಅಲ್ಲೂ ಒಂದು ಬೂದಿದಿಬ್ಬ. ಊರವರು ಅದನ್ನ ವಾಲಿಯನ್ನು ಸುಟ್ಟ ಜಾಗ ಅಂತಾರೆ. ಮಾಮನಿಗೆ ಆ ಕಥೆ ಬಹಳ ಇಷ್ಟ. "ಯಾರೋ ಏನೋ ಸುಟ್ಟಿದ್ದಾರೆ ಅನ್ನೋದನ್ನ ನಮ್ಮ ಜನ ಮರೀಲಿಲ್ಲ ನೋಡವ್ವ, ಯಾರು ಅನ್ನೋದನ್ನ ಮಾತ್ರ ರಾಮಾಯಣದಿಂದ ತುಂಬಿಕೊಂಡ್ರು" ಅಂದರು.

ಮಧ್ಯಾಹ್ನ ಊಟ ಮುಗಿಸಿ ದರೋಜಿ ಕರಡಿಧಾಮ. 1994ರಲ್ಲಿ ಘೋಷಣೆಯಾಗಿದ್ದು, ಮೊದಲು ಇಡೀ ಪ್ರದೇಶ ಬಳ್ಳಾರಿ ಜಿಲ್ಲೆಗೇ ಸೇರಿತ್ತು. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆ ಕಡೆಯ ಭಾಗ ಅಲ್ಲಿಗೆ ಹೋಯಿತು. ವಿಸ್ತೀರ್ಣ 82 ಚದರ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ದಟ್ಟ ಕಾಡನ್ನು ಎಣಿಸಿಕೊಂಡು ಬರಬೇಡಿ. ಕುರುಚಲು ಗಿಡ, ಮುಳ್ಳು, ಮತ್ತೆ ಬಂಡೆ, ಬಂಡೆ, ಬಂಡೆ. ಕರಡಿಗೆ ಬೇಕಾಗಿರೋದು ಅದೇ. ಗುಂಡುಗಳ ಸಂದಿಯಲ್ಲಿ ತಂಪಾದ ಗವಿ, ಸುತ್ತ ಗೆದ್ದಲ ಹುತ್ತ, ಬಾರೆ, ಕವಳೆ ಹಣ್ಣು, ಜೇನು.

ವೀಕ್ಷಣಾ ಗೋಪುರದ ಮೇಲೆ ಕೂತು ಎದುರಿನ ಗುಡ್ಡ ನೋಡುತ್ತಾ ಕಾಯಬೇಕು. ಅರಣ್ಯ ಇಲಾಖೆಯವರು ಮಧ್ಯಾಹ್ನ ಬೆಲ್ಲದ ಪಾಕ ಬಂಡೆಗಳಿಗೆ ಮೆತ್ತಿ ಹೋಗ್ತಾರೆ. ಕರಡಿ ಬರೋ ತನಕ ಸಮಯ ಇತ್ತು. ಈ ಗುಂಡುಗಳನ್ನ ಯಾರು ಹೀಗೆ ಒಂದರ ಮೇಲೊಂದು ಪೇರಿಸಿದ್ದು ಅಂತ ನಮ್ಮ ಮನೆಯವರು ಕೇಳಿದರು. ಎಲ್ಲರೂ ಕೇಳುವ ಪ್ರಶ್ನೆ. ಅಕ್ಕನ ಮಗಳು ಇದಕ್ಕೇ ಕಾಯ್ತಿದ್ದಳು ಅಂತ ಕಾಣುತ್ತೆ.

ಯಾರೂ ಪೇರಿಸಿಲ್ಲ, ಉಳಿದದ್ದು ಇದು ಅಂದಳು. ಇಲ್ಲಿನ ಗ್ರಾನೈಟ್‌ಗೆ ಕ್ಲೋಸ್‌ಪೇಟೆ ಗ್ರಾನೈಟ್ ಅಂತ ಹೆಸರು. ಕ್ಲೋಸ್‌ಪೇಟೆ ಅಂದ್ರೆ ರಾಮನಗರದ ಹಳೆ ಹೆಸರು. ಅಲ್ಲಿಂದ ಇಲ್ಲಿಯವರೆಗೆ ಒಂದೇ ಕಲ್ಲಿನ ಪಟ್ಟಿ, ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ತಣಿದ ಕಲ್ಲು, ಮೇಲಿನ ಭಾರ ಸವೆದು ಹೋದಂತೆ ಹಿಗ್ಗಿ ಬಿರುಕು ಬಿಡುತ್ತೆ. ಅಡ್ಡ ಬಿರುಕು, ಉದ್ದ ಬಿರುಕು ಸೇರಿ ದೊಡ್ಡ ದೊಡ್ಡ ಚೌಕಗಳಾಗ್ತವೆ. ಬಿರುಕಿನಲ್ಲಿ ನೀರು ಇಳಿದು ಚೌಕದ ಮೂಲೆಗಳನ್ನ ಮೊದಲು ಕೊಳೆಸುತ್ತೆ, ಯಾಕಂದ್ರೆ ಮೂಲೆಗೆ ಮೂರು ಕಡೆಯಿಂದ ನೀರು ತಾಕುತ್ತೆ. ಮೂಲೆ ಹೋದರೆ ಚೌಕ ಗುಂಡಾಗುತ್ತೆ. ಇದೆಲ್ಲ ಮಣ್ಣೊಳಗೇ ನಡೆಯೋದು. ಆಮೇಲೆ ಮಳೆ ಮಣ್ಣನ್ನೆಲ್ಲ ತೊಳೆದುಕೊಂಡು ಹೋದಾಗ, ಗುಂಡುಗಳು ಇದ್ದಲ್ಲೇ ಒಂದರ ಮೇಲೊಂದು ಕೂತು ಹೊರಗೆ ಬರ್ತವೆ. ಮಾಮ ಸುಮ್ನೆ ಕೇಳಿಸಿಕೊಂಡು, "ಇಷ್ಟು ವರ್ಷ ಮಕ್ಕಳಿಗೆ ಭೂಕಂಪ ಅಂತ ಹೇಳಿಕೊಟ್ಟವರೂ ಇದ್ದಾರವ್ವ" ಅಂದರು.

ಅಷ್ಟರಲ್ಲಿ ಗೋಪುರದಲ್ಲಿ ಎಲ್ಲರ ಮಾತು ನಿಂತಿತು. ಬಂಡೆಯ ನೆರಳೇ ಎದ್ದು ನಡೆದ ಹಾಗೆ ಒಂದು ತಾಯಿ ಕರಡಿ ಇಳಿದು ಬಂತು. ಬೆನ್ನ ಮೇಲೆ ಎರಡು ಮರಿ. ತಾಯಿ ಬಂಡೆ ನೆಕ್ಕಲು ಬಗ್ಗಿದಾಗ ಒಂದು ಮರಿ ತಲೆ ಮೇಲಿಂದ ಜಾರಿ ಮುಂದೆ ಬಿತ್ತು, ಮತ್ತೆ ಕಾಲು ಹಿಡಿದು ಬೆನ್ನಿಗೇರಿತು. ಅದರ ರೋಮ ಅಷ್ಟು ಉದ್ದ ಇರೋದು ಯಾಕೆ ಅಂತ ಆಗ ಅನ್ನಿಸಿತು, ಮರಿಗಳಿಗೆ ಹಿಡಿಯೋಕೆ ಅದೇ ಆಸರೆ. ಈ ಕರಡಿಗೆ ಮೇಲಿನ ಎರಡು ಮುಂಹಲ್ಲು ಇಲ್ಲ. ಆ ಸಂದಿಯಿಂದ ಗೆದ್ದಲನ್ನ ಉಸಿರೆಳೆದ ಹಾಗೆ ಎಳೆದುಕೊಳ್ಳುತ್ತೆ. ನವಿಲು, ಮುಂಗುಸಿ ಕೂಡ ಬೆಲ್ಲದ ಬಂಡೆಗೆ ಬಂದವು. ಹಕ್ಕಿ ನೋಡುವವರಿಗೆ ಇಲ್ಲಿ ಹಳದಿ ಕೊರಳಿನ ಬುಲ್‌ಬುಲ್ ಮುಖ್ಯ. ದಕ್ಷಿಣದ ಕಲ್ಲುಗುಡ್ಡ ಬಿಟ್ಟು ಬೇರೆಲ್ಲೂ ಸಿಗದ ಹಕ್ಕಿ. ನಮಗೆ ಕಾಣಲಿಲ್ಲ.

ಬಂಡೆಗೆ ಬೆಲ್ಲ ಹಚ್ಚಿ ಕರಡಿ ಕರೆಯೋದು ಸರಿಯಾ ಅಂತ ರಾತ್ರಿ ಊಟದ ಹೊತ್ತಿಗೆ ನಮ್ಮಲ್ಲೇ ವಾದ ನಡೆಯಿತು. ನನ್ನ ಮನಸ್ಸಿಗೆ ಅನ್ನಿಸಿದ್ದು: ಗುಡ್ಡದಲ್ಲಿ ಹಣ್ಣಿನ ಗಿಡ, ಹುತ್ತ ಉಳಿಯುವ ಹಾಗೆ ನೋಡಿಕೊಳ್ಳೋದು ಮೊದಲು, ಬೆಲ್ಲ ಆಮೇಲೆ. ಆದರೆ ಜನ ಕರಡಿಯನ್ನ ಕಣ್ಣಾರೆ ಕಂಡರೆ ಮಾತ್ರ ಈ ಬೋಳುಗುಡ್ಡವೂ ಕಾಡೇ ಅಂತ ನಂಬ್ತಾರೆ ಅನ್ನೋ ಮಾತಲ್ಲೂ ಹುರುಳಿದೆ. ಬುಕ್ಕಸಾಗರದ ಸೇತುವೆ ದಾಟಿ ಆನೆಗೊಂದಿ ಸೇರುವಾಗ ಕತ್ತಲಾಗಿತ್ತು. ಕೊಪ್ಪಳ ಜಿಲ್ಲೆ.

ಭಾನುವಾರ: ಹಿರೇಬೆಣಕಲ್

ಈ ಪ್ರವಾಸ ಹೊರಟಿದ್ದೇ ಇದಕ್ಕೆ. ಗಂಗಾವತಿ ದಾಟಿ ಕೊಪ್ಪಳದ ದಾರಿಯಲ್ಲಿ ಹತ್ತು ಕಿಲೋಮೀಟರ್ ಹೋದರೆ ಹಿರೇಬೆಣಕಲ್. ಎರಡೂ ಕಡೆ ಭತ್ತದ ಗದ್ದೆ, ಕಾಲುವೆ ನೀರು. ಗುಡ್ಡ ಹತ್ತೋಕೆ ಶುರು ಮಾಡಿದ ಕೂಡಲೇ ಹಸಿರು ಹಿಂದೆ ಉಳಿಯಿತು. ಒಂದು ಗಂಟೆಗೂ ಮೇಲೆ ಹತ್ತಬೇಕು. ಬೆಳಿಗ್ಗೆ ಆರೂವರೆಗೇ ಶುರು ಮಾಡಿದ್ದು ಒಳ್ಳೆಯದಾಯಿತು.

ಊರಿನವರು ಇದನ್ನ ಮೋರೇರ ಗುಡ್ಡ ಅಂತಾರೆ. ಮೋರೇರು ಕುಳ್ಳ ಜನ, ಮೇಲಿರುವ ಕಲ್ಲಿನ ಮನೆಗಳು ಅವರವೇ ಅಂತ ನಂಬಿಕೆ. ದಾರಿ ತೋರಿಸಲು ಬಂದ ತಮ್ಮ ಹೇಳುತ್ತಾ ನಡೆದ: "ಅವ್ರು ಇಷ್ಟೇ ಇಷ್ಟು ಎತ್ತರ ಇದ್ರಂತ್ರಿ ಅಕ್ಕಾ. ಆದ್ರ ಕಲ್ಲು ನೋಡ್ರಿ, ಜೆಸಿಬಿ ತಂದ್ರೂ ಎತ್ತಾಕ ಆಗಂಗಿಲ್ಲ."

ದಾರಿಯಲ್ಲೇ ಗವಿಗಳಲ್ಲಿ ಕೆಂಪು ಬಣ್ಣದ ಚಿತ್ರಗಳು. ಜಿಂಕೆ, ಎತ್ತು, ನವಿಲು, ಕುದುರೆ ಸವಾರರು, ಕೈ ಕೈ ಹಿಡಿದು ಕುಣಿಯುವ ಸಾಲು. ಒಂದು ಕಡೆ ಆ ಕುಣಿತದ ಸಾಲಿನ ಪಕ್ಕದಲ್ಲೇ ಯಾರೋ ಪ್ರೇಮಿಗಳು ಹೆಸರು ಕೆತ್ತಿದ್ದಾರೆ. ಮಾಮ ಅಲ್ಲಿ ಸುಮಾರು ಹೊತ್ತು ನಿಂತುಬಿಟ್ಟರು.

ಆಮೇಲೆ ಗುಡ್ಡದ ನೆತ್ತಿ. ಒಮ್ಮೆಲೇ ಕಣ್ಣಿಗೆ ಬೀಳುತ್ತೆ. ಬೋಳು ಬಂಡೆಯ ಬಯಲಿನಲ್ಲಿ ಕಲ್ಲಿನ ಮನೆಗಳು, ಸಾಲು ಸಾಲು. ಕೆಲವು ಆಳೆತ್ತರಕ್ಕಿಂತ ಜಾಸ್ತಿ, ಕೆಲವು ಮೊಣಕಾಲೆತ್ತರ, ಕೆಲವು ಕುಸಿದು ಚಪ್ಪಡಿ ಮಾತ್ರ ಬಿದ್ದಿವೆ. ಸುಮಾರು 20 ಹೆಕ್ಟೇರ್ ಜಾಗದಲ್ಲಿ ಇಂಥವು 400ರಷ್ಟು ಇವೆ. ಕ್ರಿಸ್ತಪೂರ್ವ 800ರಿಂದ 200ರವರೆಗಿನ ಬೃಹತ್ ಶಿಲಾಯುಗದ ಜನ, ಅಂದ್ರೆ ಕಬ್ಬಿಣ ಕಂಡಿದ್ದ ಜನ, ಇವನ್ನ ನಿಲ್ಲಿಸಿದ್ದು. 1835ರಲ್ಲಿ ಮೆಡೋಸ್ ಟೇಲರ್ ಎಂಬ ಬ್ರಿಟಿಷ್ ಅಧಿಕಾರಿ ಇದರ ಬಗ್ಗೆ ಹೊರಜಗತ್ತಿಗೆ ತಿಳಿಸಿದ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿದೆ.

ಇವು ವಾಸದ ಮನೆಗಳಲ್ಲ. ಸತ್ತವರ ನೆನಪಿಗೆ ಕಟ್ಟಿದ್ದು. ಬರೀ ಬಂಡೆ ಮೇಲೇ ನಿಂತಿರುವುದರಿಂದ ಎಲ್ಲದರಲ್ಲೂ ಹೂಳೋಕೆ ಜಾಗವೂ ಇಲ್ಲ. ನಾಲ್ಕು ಕಡೆ ನಾಲ್ಕು ಚಪ್ಪಡಿ, ಮೇಲೊಂದು ಮುಚ್ಚಳ. ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ನಾನು ಒಂದರ ಕಿಂಡಿಯಲ್ಲಿ ತಲೆ ಹಾಕಿ ನೋಡಿದೆ. ಒಳಗೆ ತಂಪು, ಬಾವಲಿ ವಾಸನೆ, ನೆಲಕ್ಕೂ ಚಪ್ಪಡಿ ಹಾಸಿದೆ. ಕಿಂಡಿಯ ಅಂಚು ಮುಟ್ಟಿದರೆ ಕುಟ್ಟಿ ಕುಟ್ಟಿ ದುಂಡಗೆ ಮಾಡಿದ ಗುರುತು ಇನ್ನೂ ಸಿಗುತ್ತೆ. ಆದರೆ ಗೋಡೆಯ ಚಪ್ಪಡಿಗೆ ಉಳಿ ಗುರುತೇ ಇಲ್ಲ. ಇದನ್ನೂ ಅಕ್ಕನ ಮಗಳೇ ತೋರಿಸಿದಳು. ಈ ಗುಡ್ಡದ ಗ್ರಾನೈಟ್ ಹಾಳೆ ಹಾಳೆಯಾಗಿ ತಾನೇ ಬಿಟ್ಟುಕೊಳ್ಳುತ್ತೆ. ಕಾಲ ಕೆಳಗೇ ಅರ್ಧ ಎದ್ದ ಪದರ ಇತ್ತು. ದಪ್ಪ ಎಲ್ಲ ಕಡೆ ಒಂದೇ ಸಮ. ಆ ಜನ ಬಿರುಕು ನೋಡಿ, ಎಲ್ಲಿ ಮೀಟಿದರೆ ಏಳುತ್ತೆ ಅಂತ ತಿಳಿದು ಎಬ್ಬಿಸಿದ್ದಾರೆ. ಚಪ್ಪಡಿ ಎಬ್ಬಿಸಿದ ತಗ್ಗಿನಲ್ಲಿ ಮಳೆನೀರು ನಿಂತು ಕೊಳವಾಗಿದೆ, ಅದರ ಸುತ್ತಲೇ ದೊಡ್ಡ ಮನೆಗಳಿವೆ. ಸಂಗನಕಲ್ಲಿನವರು ಹಾಡುವ ಬಂಡೆ ಹುಡುಕಿದರು, ಇವರು ಹಾಳೆಯಾಗಿ ಏಳುವ ಬಂಡೆ ಹುಡುಕಿದರು. ಕಲ್ಲಿಗೆ ಏನು ಬರುತ್ತೆ ಅಂತ ಮೊದಲು ಕೇಳಿಕೊಂಡು ಆಮೇಲೆ ಕೈ ಹಾಕಿದವರು ಇವರು. ನನಗೆ ಈ ಪ್ರವಾಸದಲ್ಲಿ ತಿಳಿದ ದೊಡ್ಡ ವಿಷಯ ಇದೇ.

ಇಲ್ಲೂ ದನಿಯ ಕಲ್ಲಿದೆ. ಎತ್ತರದ ಒಂದು ಗುಂಡಿನ ಮೇಲೆ ಅರ್ಧಗೋಳದ ದೊಡ್ಡ ಕಲ್ಲು, ನಗಾರಿ ಕಲ್ಲು. ಕಟ್ಟಿಗೆಯಿಂದ ಬಡಿದರೆ ಒಂದು ಕಿಲೋಮೀಟರ್ ದೂರಕ್ಕೆ ಕೇಳುತ್ತೆ ಅಂತಾರೆ. ಆ ತಮ್ಮ ಹತ್ತಿ ಒಂದು ಕಟ್ಟಿಗೆ ತುಂಡಿನಿಂದ ಬಡಿದ. ಸಂಗನಕಲ್ಲಿನದು ಸಣ್ಣ ದನಿ, ಕಂಚಿನದು. ಇದು ದಪ್ಪ ದನಿ, ಎದೆಗೆ ಬಡಿಯಿತು. ಯಾರಾದರೂ ಸತ್ತಾಗ, ಕೆಳಗಿನ ಬಯಲಿನಿಂದ ಜನರನ್ನ ಕರೆಯೋಕೆ ಇದನ್ನ ಬಾರಿಸ್ತಿದ್ರಾ? ನನಗೆ ಹಾಗೆ ಅನ್ನಿಸಿತು.

ಬೇಸರದ ಮಾತು ಒಂದಿದೆ. ನಿಧಿ ಆಸೆಗೆ ಕೆಲವು ಮನೆಗಳ ಒಳನೆಲ ಅಗೆದಿದ್ದಾರೆ. ಸತ್ತವರ ಜೊತೆ ಆ ಕಾಲದಲ್ಲಿ ಇಡುತ್ತಿದ್ದದ್ದು ಮಡಕೆ, ಕಬ್ಬಿಣದ ಸಾಮಾನು. ಚಿನ್ನದ ಕೊಪ್ಪರಿಗೆ ಇಲ್ಲಿ ಯಾರೂ ಇಟ್ಟಿಲ್ಲ. ಅಗೆದವರಿಗೆ ಏನೂ ಸಿಗಲ್ಲ, ಎರಡೂವರೆ ಸಾವಿರ ವರ್ಷ ನಿಂತ ಮನೆ ಮಾತ್ರ ಬೀಳುತ್ತೆ. ಗುಡ್ಡದ ಮೇಲೆ ಕಾವಲು ಜಾಸ್ತಿಯಾಗಲೇಬೇಕು, ಅದರಲ್ಲೂ ಊರಿನ ಹುಡುಗರಿಗೇ ಆ ಕೆಲಸ ಕೊಡಬೇಕು. ಗುಡ್ಡದ ಒಂದೊಂದು ಸಂದಿಯೂ ಅವರಿಗೆ ಗೊತ್ತು.

ಕೊಳದ ದಂಡೆಯ ನೆರಳಲ್ಲಿ ಕಟ್ಟಿಕೊಂಡು ಹೋಗಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ತಿಂದೆವು. ಇಳಿಯುವಾಗ ಬಂಡೆ ಕಾದು ಶೂ ಒಳಗೂ ಬಿಸಿ ತಾಕುತ್ತಿತ್ತು.

ಸೋಮವಾರ: ಕೊಪ್ಪಳ

ಕೊಪ್ಪಳದಲ್ಲಿ ಅಶೋಕನ ಎರಡು ಬಂಡೆ ಶಾಸನ, ಗವಿಮಠದಲ್ಲೊಂದು, ಪಾಲ್ಕಿಗುಂಡಿನಲ್ಲೊಂದು. ಎರಡೂ 1931ರಲ್ಲಿ ಬೆಳಕಿಗೆ ಬಂದವು. ಗವಿಮಠಕ್ಕೆ ಜಾತ್ರೆಗೆ ಬರುವ ಲಕ್ಷಾಂತರ ಜನರಲ್ಲಿ ಶಾಸನ ನೋಡುವವರು ಕಡಿಮೆ. ಅಕ್ಷರ ಬ್ರಾಹ್ಮಿ, ಭಾಷೆ ಪ್ರಾಕೃತ. ಮನಸ್ಸಿಟ್ಟು ಪ್ರಯತ್ನಿಸಿದರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಸ್ವರ್ಗ ಗಳಿಸಬಹುದು ಅಂತ ರಾಜ ಹೇಳಿಸಿದ್ದಾನೆ. ಪಾಲ್ಕಿಗುಂಡು ಗುಡ್ಡದ ನೆತ್ತಿಯಲ್ಲಿ ಗುಂಡುಗಳ ಮೇಲೆ ಚಪ್ಪಟೆ ಬಂಡೆ ಕೂತಿದೆ, ಪಲ್ಲಕ್ಕಿಯ ಮೇಲ್ಛಾವಣಿಯೇ. ಅದರ ಕೆಳಗಿನ ಶಾಸನ ಬಹಳ ಅಳಿದಿದೆ, ಅಲ್ಲೊಂದು ಇಲ್ಲೊಂದು ಅಕ್ಷರ ಉಳಿದಿದೆ.

ಪಾಲ್ಕಿಗುಂಡಿನ ಮೇಲೆ ಕೂತಾಗ ಮಾಮ ಒಂದು ಲೆಕ್ಕ ಹಾಕಿದರು. ಅಶೋಕ ಕ್ರಿಸ್ತಪೂರ್ವ ಮೂರನೇ ಶತಮಾನದವನು. ಹಿರೇಬೆಣಕಲ್‌ನಲ್ಲಿ ಕಲ್ಲಿನ ಮನೆ ನಿಲ್ಲಿಸೋದು ಕ್ರಿಸ್ತಪೂರ್ವ 200ರವರೆಗೂ ನಡೆದಿತ್ತು. ಅಂದ್ರೆ ಇಲ್ಲಿ ಮಗಧದ ರಾಜನ ಮಾತು ಕೆತ್ತುತ್ತಿದ್ದಾಗ, ಒಂದು ದಿನದ ನಡಿಗೆಯ ಆ ಕಡೆ ಗುಡ್ಡದಲ್ಲಿ ಇನ್ನೂ ಚಪ್ಪಡಿ ಎಬ್ಬಿಸುತ್ತಿದ್ದರು. ಅವರಿಗೆ ಈ ಅಕ್ಷರ ಓದಲು ಬರುತ್ತಿತ್ತಾ? ಯಾರಾದರೂ ಓದಿ ಹೇಳ್ತಿದ್ರಾ? ಇಳಿಯುವ ತನಕ ನಮಗೆ ಅದೇ ಮಾತು.

ಹೋಗುವವರಿಗೆ ನಾಲ್ಕು ಮಾತು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಮಾರ್ಚ್ ಆದ ಮೇಲೆ ಈ ಕಲ್ಲಿನ ಮೇಲೆ ನಿಲ್ಲೋಕಾಗಲ್ಲ. ಬೆಂಗಳೂರಿನವರು ಹಂಪಿ ಎಕ್ಸ್‌ಪ್ರೆಸ್ ಹಿಡಿದು ಬಳ್ಳಾರಿಯಲ್ಲೋ ಹೊಸಪೇಟೆಯಲ್ಲೋ ಇಳಿಯಬಹುದು. ದರೋಜಿಗೆ ಮಧ್ಯಾಹ್ನದ ಮೇಲೆ ಹೋಗಿ. ಹಿರೇಬೆಣಕಲ್ ಮೇಲೆ ಅಂಗಡಿ ಇಲ್ಲ, ಒಬ್ಬೊಬ್ಬರಿಗೆ ಕನಿಷ್ಠ ಎರಡು ಲೀಟರ್ ನೀರು ಇರಲಿ, ಖಾಲಿ ಬಾಟಲಿ ವಾಪಸ್ ತನ್ನಿ. ಊರಿನ ಒಬ್ಬರನ್ನ ದಾರಿ ತೋರಿಸಲು ಕರೆದುಕೊಂಡೇ ಹೋಗಿ, ಅವರ ಒಂದು ದಿನದ ಕೂಲಿಗಿಂತ ಕಡಿಮೆ ಕೊಡಬೇಡಿ.